*ಬಾಗಿಲಿಗೆ ಮಗುವನ್ನು ಕಳಿಸಬೇಡಿ*



*ಇಂದಿನ ಧಮ್ಮ ಚಿಂತನೆ*
*ವಿಷಯ: ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾಲ್ಕನೇ ಶೀಲ*

ಧಮ್ಮ ಬಂಧುಗಳೇ,

ಹೋದ ಭಾನುವಾರ ಹದಿನಾರಿನಲ್ಲಿ ನಮ್ಮ ಅಧ್ಯಯನ ಬಳಗ ಸೇರಿದ್ದಾಗ ಒಬ್ಬ ಉಪಾಸಿಕೆ ಒಂದು ಪ್ರಶ್ನೆ ಕೇಳಿದರು. "ಕೊಲ್ಲಲ್ಲ, ಕದಿಯಲ್ಲ, ಕುಡಿಯಲ್ಲ, ಅದೆಲ್ಲ ಸರಿ. ಆದ್ರೆ ಚಿಕ್ ಮಕ್ಕಳನ್ನ ಇಟ್ಕೊಂಡು ಸುಳ್ಳು ಹೇಳ್ದೆ ಒಂದಿನ ಕಳೆಯೋಕೆ ಆಯ್ತದಾ?" ಎಲ್ಲರೂ ನಕ್ಕೆವು. ನಕ್ಕ ಮೇಲೆ ಯಾರೂ ಉತ್ತರ ಕೊಡಲಿಲ್ಲ. ಈ ವಾರ ಬರೆಯುವ ಸರದಿ ನನ್ನದಾದ್ದರಿಂದ ಆ ಪ್ರಶ್ನೆ ನನ್ನ ತಲೆಯ ಮೇಲೆ ಬಂದಿದೆ.

ಅವರು ಹೇಳಿದ್ದು ನಮ್ಮೆಲ್ಲರ ಮನೆಯ ಮಾತೇ. ಮಗು ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ. ಲಸಿಕೆ ಹಾಕಿಸುವ ದಿನ ಸೂಜಿ ನೋಯುವುದೇ ಇಲ್ಲ. ಮೊಬೈಲು ಕೇಳಿದರೆ ಚಾರ್ಜ್ ಇಲ್ಲ. ಕೆಲಸಕ್ಕೆಂದು ಬಸ್ ಹತ್ತುವವರು "ಈಗ ಬಂದೆ ಮಗಾ" ಎಂದು ಹೇಳಿ ರಾತ್ರಿ ಎಂಟಕ್ಕೆ ಮನೆಗೆ ಬರುತ್ತೇವೆ. ಇವೆಲ್ಲ ನಾವು ಮಕ್ಕಳಿಗೆ ಹೇಳುವ ಸುಳ್ಳುಗಳು. ಇವುಗಳಿಗಿಂತ ದೊಡ್ಡದು ಇನ್ನೊಂದಿದೆ. ಅದು ಮಕ್ಕಳ ಬಾಯಲ್ಲಿ ನಾವು ಹೇಳಿಸುವ ಸುಳ್ಳು. ಅದರ ಬಗ್ಗೆ ಬರೆಯಬೇಕಾದರೆ ನನ್ನ ಮನೆಯಲ್ಲಿ ನಡೆದದ್ದನ್ನೇ ಬರೆಯಬೇಕು. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

*ಒಂದು ಮಂಗಳವಾರ ಬೆಳಿಗ್ಗೆ*

ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಸಂಘದ ಸಾಲ ಇದೆ. ಮನೆಯ ಚಾವಣಿಗೆ ಅಂತ ತೆಗೆದದ್ದು, ಅರ್ಧ ಆಸ್ಪತ್ರೆಗೆ ಹೋಯಿತು. ಪ್ರತಿ ಮಂಗಳವಾರ ಕಂತು. ನನಗೆ ಗಾರೆ ಕೆಲಸ. ಆ ತಿಂಗಳು ಮೂರು ವಾರ ಕೆಲಸ ಇರಲಿಲ್ಲ. ಎರಡು ಕಂತು ತಪ್ಪಿದ್ದವು.

ಮೂರನೇ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೇ ಕಂತಿನವರ ಬೈಕು ಬೀದಿ ತಿರುಗುವ ಸದ್ದು ಕೇಳಿಸಿತು. ನನ್ನ ಹೆಂಡತಿ ಅಡುಗೆ ಕೋಣೆಗೆ ಸರಿದಳು. ನಾನು ಒಳಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ, ಅಲ್ಲೇ ಕೂತೆ. ಎರಡನೇ ತರಗತಿಯಲ್ಲಿ ಓದುವ ಮಗನಿಗೆ ಪಿಸುಮಾತಿನಲ್ಲಿ ಹೇಳಿದೆ: "ಹೋಗು, ಅವ್ವ ಅಪ್ಪ ಇಬ್ರೂ ಮನೇಲಿಲ್ಲ ಅನ್ನು."

ಅವನು ಹೋಗಿ ಹೇಳಿದ. ಬಂದವರು ಸ್ವಲ್ಪ ಹೊತ್ತು ನಿಂತು ಮತ್ತೆ ಕೇಳಿದರು. ಆಗ ನಾನು ಹೇಳಿಕೊಡದ ಮಾತೊಂದನ್ನು ಅವನೇ ಸೇರಿಸಿದ: "ನಂಜನಗೂಡು ಆಸ್ಪತ್ರೆಗೆ ಹೋಗವ್ರೆ, ಬರೋದು ಲೇಟಾಯ್ತದೆ." ಬೈಕು ಹೋಯಿತು. ನಾವು ಗಂಡ ಹೆಂಡಿರು ಉಸಿರು ಬಿಟ್ಟು ನಕ್ಕೆವು. "ಜಾಣ ಕಣ್ಲಾ ನೀನು" ಎಂದು ಬೆನ್ನು ತಟ್ಟಿ, ಅಂಗಡಿಗೆ ಕಳಿಸಿ ಬನ್ ಕೊಡಿಸಿದೆ. ನಾಲ್ಕು ವರ್ಷದ ಮಗಳು ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೂ ಅರ್ಧ ಬನ್ ಸಿಕ್ಕಿತು.

ಹದಿನೈದು ದಿನ ಕಳೆದಿರಬೇಕು. ಸಂಜೆ ಟೀ ಅಂಗಡಿಯ ಹತ್ತಿರ ಮಗನ ಮೇಷ್ಟ್ರು ಸಿಕ್ಕರು. "ಮೈಸೂರಿಂದ ಯಾವಾಗ ಬಂದ್ರಿ?" ಎಂದರು. ನನಗೆ ಅರ್ಥವಾಗಲಿಲ್ಲ. ಮಗ ನಾಲ್ಕು ದಿನದಿಂದ ಬರವಣಿಗೆ ಮಾಡಿಲ್ಲವಂತೆ. ಅಪ್ಪನನ್ನು ಕರೆದುಕೊಂಡು ಬಾ ಎಂದರೆ, "ಅಪ್ಪ ಕೆಲಸಕ್ಕೆ ಮೈಸೂರಿಗೆ ಹೋಗವ್ರೆ, ಶನಿವಾರ ಬರ್ತಾರೆ" ಎಂದಿದ್ದಾನೆ. ನಾನು ದಿನವೂ ಊರಲ್ಲೇ ಇದ್ದೆ.

ಮನೆಗೆ ಬಂದವನೇ ಕೈ ಎತ್ತಿದೆ. ಅವನು ಓಡಲಿಲ್ಲ, ಅಳಲೂ ಇಲ್ಲ. ನನ್ನ ಮುಖ ನೋಡಿ ಕೇಳಿದ: "ಅವತ್ತು ಬನ್ ಕೊಡ್ಸಿದ್ರಲ್ಲಪ್ಪ?"

ಎದುರು ಮಾತಾಡಬೇಕು ಅಂತ ಅವನು ಹಾಗೆ ಕೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವತ್ತು ಹೇಳಿದ್ದಕ್ಕೆ ಬನ್, ಇವತ್ತು ಹೇಳಿದ್ದಕ್ಕೆ ಏಟು. ಮಾತು ಒಂದೇ ಅಲ್ಲವೇ?

*ಅಜ್ಜಿಯೂ ಅದೇ ಬಾಗಿಲಲ್ಲಿ ನಿಂತಿದ್ದರು*

ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನನ್ನ ಅವ್ವ ಆಗ ಬಾಯಿ ಬಿಟ್ಟರು. "ಹೊಡೀಬ್ಯಾಡ ಕಣಪ್ಪ. ನಾನೂ ಇವನಷ್ಟಿದ್ದಾಗ ಹಿಂಗೇ ಬಾಗ್ಲಲ್ಲಿ ನಿಂತಿದ್ದೆ. ಒಕ್ಕಣೆ ಕಾಲ್ದಲ್ಲಿ ಯಜಮಾನ್ರ ಮನೆ ಆಳು ಬಂದು ಕೂಗೋನು. ನಮ್ಮಪ್ಪ ಹಿತ್ಲಲ್ಲಿ ಹುಲ್ಲಿನ ಮೆದೆ ಹಿಂದ್ಗಡೆ ಕೂತ್ಕೊಂಡು, ನಂಟ್ರ ಊರ್ಗೆ ಹೋಗವ್ರೆ ಅನ್ನವ್ವ ಅನ್ನೋರು. ಹೋದ್ರೆ ಕೂಲಿ ಇಲ್ಲ, ಹೋಗ್ನಿಲ್ಲ ಅಂದ್ರೆ ಒದೆ."

ಆಮೇಲೆ ಕೇಳಿದರು: "ಅವರು ದೊಣ್ಣೆಗೆ ಹೆದರ್ಕಂಡ್ರು. ನೀನು ಯಾತಕ್ಕೆ ಹೆದರ್ಕಂಡೆ?"

ನನ್ನ ತಾತ ಹೇಳಿಸಿದ ಸುಳ್ಳನ್ನು ನಾನು ತೂಗಲು ಹೋಗುವುದಿಲ್ಲ. ಅವರ ಕಾಲದಲ್ಲಿ ಬಿಟ್ಟಿ ಚಾಕರಿಗೆ ಇಲ್ಲ ಎಂದವನ ಬೆನ್ನಿಗೆ ನಿಲ್ಲುವವರು ಇರಲಿಲ್ಲ. ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಬಂದದ್ದೇ 1976ರಲ್ಲಿ. ನಿಜ ಹೇಳಿ ಬದುಕುವುದು ನಮ್ಮ ಕೇರಿಗಳಿಗೆ ಸುಲಭದ ಮಾತಾಗಿರಲಿಲ್ಲ ಎಂಬುದನ್ನು ಮರೆತು ಶೀಲದ ಪಾಠ ಮಾಡಿದರೆ ಅದು ಹೊಟ್ಟೆ ತುಂಬಿದವರ ಪಾಠ ಆಗುತ್ತದೆ.

ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಸೇರಿದೆ. ಬಡವರ ಕಷ್ಟ ಅವರಿಗೆ ಗೊತ್ತಿಲ್ಲದೆ ಅದನ್ನು ಸೇರಿಸಲಿಲ್ಲ. ಮೂರು ತಲೆಮಾರಿನಿಂದ ನಮ್ಮ ಮನೆಯ ಮಕ್ಕಳು ಬಾಗಿಲಲ್ಲಿ ನಿಂತು ದೊಡ್ಡವರ ಭಯವನ್ನು ಹೊರುತ್ತಿದ್ದಾರೆ. ಅದು ಎಲ್ಲಾದರೂ ನಿಲ್ಲಬೇಕು ಎಂದೇ ಆ ಪ್ರತಿಜ್ಞೆ ಎಂದು ಈಗ ನನಗೆ ಅನ್ನಿಸುತ್ತದೆ.

*ರಾಹುಲನೂ ಇದೇ ಸುಳ್ಳು ಹೇಳಿದ್ದ*

ಮಜ್ಝಿಮ ನಿಕಾಯದ 61ನೇ ಸುತ್ತ, ಅಂಬಲಟ್ಠಿಕ ರಾಹುಲೋವಾದ ಸುತ್ತ, ನಮ್ಮಲ್ಲಿ ಹಲವರು ಕೇಳಿದ್ದೀರಿ. ಬುದ್ಧರು ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಬೋಧನೆ ಅದು. ಆಗ ರಾಹುಲನಿಗೆ ಏಳು ವರ್ಷ ಎಂದು ಅಟ್ಠಕಥೆ ಹೇಳುತ್ತದೆ. ನಮ್ಮ ಎರಡನೇ ತರಗತಿಯ ಮಗುವಿನ ವಯಸ್ಸು.

ರಾಹುಲ ಏನು ಸುಳ್ಳು ಹೇಳಿದ್ದ ಎಂಬುದು ಆ ಪಾಲಿ ಸುತ್ತದಲ್ಲಿ ಇಲ್ಲ. ಆದರೆ ನಾಗಾರ್ಜುನರ ಹೆಸರಿನಲ್ಲಿ ಬಂದಿರುವ, ಕುಮಾರಜೀವರು ಚೀನೀ ಭಾಷೆಗೆ ತಂದ ಮಹಾಪ್ರಜ್ಞಾಪಾರಮಿತಾ ಶಾಸ್ತ್ರದಲ್ಲಿ ಅದರ ಕಥೆ ಉಳಿದಿದೆ. ಜನ ಬಂದು ಭಗವಾನರು ಇದ್ದಾರೆಯೇ ಎಂದು ಕೇಳಿದರೆ, ಇದ್ದರೂ ರಾಹುಲ ಇಲ್ಲ ಎನ್ನುತ್ತಿದ್ದನಂತೆ. ಇಲ್ಲದಿದ್ದಾಗ ಇದ್ದಾರೆ ಎನ್ನುತ್ತಿದ್ದನಂತೆ. ದೂರದಿಂದ ನಡೆದು ಬಂದವರು ಸುಮ್ಮನೆ ಅಲೆಯುತ್ತಿದ್ದರು.

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಅಪ್ಪ ಇಲ್ಲ! ನನ್ನ ಮಗ ಹೇಳಿದ್ದೂ ಅದನ್ನೇ. ಒಂದೇ ವ್ಯತ್ಯಾಸ. ರಾಹುಲ ತುಂಟತನಕ್ಕೆ ಹೇಳಿದ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮಗನಿಗೆ ನಾನೇ ಹೇಳಿಕೊಟ್ಟಿದ್ದೆ.

*ಬುದ್ಧರು ಏನು ಮಾಡಿದರು?*

ಸುತ್ತದಲ್ಲಿ ಬರುವುದು ಹೀಗೆ. ಬುದ್ಧರು ರಾಜಗೃಹದ ವೇಳುವನದಲ್ಲಿದ್ದರು. ಸಂಜೆ ಎದ್ದು ರಾಹುಲ ಇದ್ದ ಅಂಬಲಟ್ಠಿಕೆಗೆ ಬಂದರು. ರಾಹುಲ ಆಸನ ಹಾಕಿ, ಕಾಲು ತೊಳೆಯಲು ನೀರು ಇಟ್ಟ. ಬುದ್ಧರು ಕಾಲು ತೊಳೆದುಕೊಂಡು ಪಾತ್ರೆಯಲ್ಲಿ ಚೂರು ನೀರು ಉಳಿಸಿದರು. ಅದನ್ನು ತೋರಿಸಿ, ಬೇಕೆಂದೇ ಸುಳ್ಳು ಹೇಳಿ ನಾಚದವರಲ್ಲಿ ಉಳಿಯುವ ಒಳ್ಳೆಯತನ ಇಷ್ಟೇ ಎಂದರು. ಆ ನೀರನ್ನು ಚೆಲ್ಲಿದರು: ಅದೂ ಹೀಗೆ ಚೆಲ್ಲಿಹೋಗುತ್ತದೆ. ಪಾತ್ರೆಯನ್ನು ಬೋರಲು ಹಾಕಿದರು. ಮತ್ತೆ ಎತ್ತಿ ಖಾಲಿ ಪಾತ್ರೆಯನ್ನು ತೋರಿಸಿದರು. ಚೀನೀ ಗ್ರಂಥದ ಕಥೆಯಲ್ಲಿ ಬೋರಲು ಹಾಕಿದ ಪಾತ್ರೆಯ ಮೇಲೆ ನೀರು ಹೊಯ್ಯಲು ರಾಹುಲನಿಗೇ ಹೇಳುತ್ತಾರೆ. ನೀರು ಒಳಗೆ ಹೋಯಿತೇ? ಇಲ್ಲ. ಸುಳ್ಳು ಮುಚ್ಚಿಕೊಂಡ ಮನಸ್ಸಿಗೆ ಧಮ್ಮವೂ ಹಾಗೆಯೇ ಇಳಿಯುವುದಿಲ್ಲ.

ಆಮೇಲೆ ಯುದ್ಧದ ಆನೆಯ ಹೋಲಿಕೆ ಬರುತ್ತದೆ. ಆನೆ ಕಾಲಿನಿಂದ, ದಂತದಿಂದ, ತಲೆಯಿಂದ ಹೋರಾಡುತ್ತ ಸೊಂಡಿಲನ್ನು ಮಾತ್ರ ಕಾಪಾಡಿಕೊಂಡರೆ ಅದಕ್ಕೆ ಇನ್ನೂ ಜೀವದ ಮೇಲೆ ಆಸೆ ಇದೆ ಎಂದರ್ಥ. ಸೊಂಡಿಲನ್ನೂ ಚಾಚಿತೆಂದರೆ ಅದು ಇನ್ನು ಏನನ್ನಾದರೂ ಮಾಡುತ್ತದೆ. ಹಾಗೆಯೇ ಸುಳ್ಳಿಗೆ ನಾಚದವನು ಮಾಡಲಾರದ ಕೆಟ್ಟದ್ದು ಯಾವುದೂ ಇಲ್ಲ. ಆದ್ದರಿಂದ ತಮಾಷೆಗೂ ಸುಳ್ಳು ಬೇಡ ಎಂದು ಕಲಿ ಎನ್ನುತ್ತಾರೆ.

ಇಲ್ಲಿ ಮೂರು ವಿಷಯ ಗಮನಿಸೋಣ.

ಒಂದು, ಬುದ್ಧರು ಹೊಡೆಯಲಿಲ್ಲ, ನರಕ ತೋರಿಸಿ ಹೆದರಿಸಲಿಲ್ಲ. ಹತ್ತು ಜನರ ಮುಂದೆ ನಿಲ್ಲಿಸಿ ಬೈಯಲೂ ಇಲ್ಲ. ತಾವೇ ಮಗುವಿನ ಬಳಿಗೆ ನಡೆದು ಹೋದರು.

ಎರಡು, ಕೈಗೆ ಸಿಕ್ಕ ಪಾತ್ರೆಯಿಂದಲೇ ಪಾಠ ಮಾಡಿದರು. ಏಳು ವರ್ಷದ ಮಗುವಿಗೆ ಕಣ್ಣಿಗೆ ಕಾಣುವುದು ಬೇಕು, ಉಪನ್ಯಾಸ ಬೇಡ. ನಮ್ಮ ಮನೆಯಲ್ಲೂ ಚೊಂಬು ಇದೆ, ನೀರು ಇದೆ.

ಮೂರು, ಹಾಗೆ ಹೇಳಿಕೊಡಲು ಅವರಿಗೆ ಯೋಗ್ಯತೆ ಇತ್ತು. ಅವರ ಬಾಯಿಂದ ರಾಹುಲ ಒಂದೂ ಸುಳ್ಳು ಕೇಳಿರಲಿಲ್ಲ. ನಾನು ಚೊಂಬು ಹಿಡಿದು ಕೂರುವ ಮೊದಲು ನನ್ನ ಚೊಂಬಿನಲ್ಲಿ ಎಷ್ಟು ನೀರಿದೆ ಎಂದು ನೋಡಿಕೊಳ್ಳಬೇಕಲ್ಲವೇ?

*ಅಶೋಕ ಆರಿಸಿದ ಪಾಠ*

ಇದು ಮಕ್ಕಳ ಕಥೆ, ದೊಡ್ಡವರಿಗಲ್ಲ ಎಂದುಕೊಳ್ಳಬೇಡಿ. ರಾಜಸ್ಥಾನದ ಬೈರಾಟದಲ್ಲಿ ಸಿಕ್ಕಿ, ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಶಾಸನದಲ್ಲಿ ಸಾಮ್ರಾಟ್ ಅಶೋಕ ಏಳು ಧಮ್ಮ ಪಾಠಗಳನ್ನು ಹೆಸರಿಸಿದ್ದಾನೆ. ಭಿಕ್ಖು, ಭಿಕ್ಖುನಿಯರ ಜೊತೆಗೆ ಉಪಾಸಕರೂ ಉಪಾಸಿಕೆಯರೂ ಅವುಗಳನ್ನು ಮತ್ತೆ ಮತ್ತೆ ಕೇಳಿ ಮನನ ಮಾಡಬೇಕು ಎಂಬುದು ಅವನ ಆಸೆ. ಆ ಏಳರಲ್ಲಿ ಒಂದು, ಸುಳ್ಳಿನ ಬಗ್ಗೆ ಬುದ್ಧರು ರಾಹುಲನಿಗೆ ಹೇಳಿದ ಬೋಧನೆ. ಅಷ್ಟು ದೊಡ್ಡ ರಾಜ್ಯ ಆಳಿದವನು ತನ್ನ ಪ್ರಜೆಗಳಿಗೆ ಒಬ್ಬ ಹುಡುಗನ ಪಾಠವನ್ನು ಓದಲು ಹೇಳಿದ.

ನಮ್ಮ ನಾಡಿಗೂ ಆ ಮಾತು ಬಂದಿತ್ತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಮಾಡಿದ ಅಶೋಕನ ಬಂಡೆ ಶಾಸನದಲ್ಲಿ ತಂದೆ ತಾಯಿಯ ಮಾತು ಕೇಳುವುದು, ಜೀವಿಗಳ ಮೇಲೆ ದಯೆ, ಸತ್ಯ ನುಡಿಯುವುದು ಒಂದರ ಪಕ್ಕ ಒಂದು ಬರುತ್ತವೆ. ತಂದೆ ತಾಯಿಯ ಮಾತು ಕೇಳು, ಸತ್ಯವನ್ನೂ ಹೇಳು. ಎರಡನ್ನೂ ಒಟ್ಟಿಗೆ ಮಗು ಪಾಲಿಸಬೇಕಾದರೆ ತಂದೆ ತಾಯಿ ಸುಳ್ಳು ಹೇಳು ಎನ್ನಬಾರದು. ನನ್ನ ಮಗ ಆ ಮಂಗಳವಾರ ಒಂದನ್ನು ಪಾಲಿಸಿ ಇನ್ನೊಂದನ್ನು ಮುರಿದ. ಅವನನ್ನು ಆ ಇಕ್ಕಟ್ಟಿಗೆ ದೂಡಿದವನು ನಾನು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಗೃಹಸ್ಥರ ವಿನಯ ಎಂದು ಒಂದು ಭಾಗವನ್ನೇ ಇಟ್ಟಿದ್ದಾರೆ. ಸಿಗಾಲೋವಾದ ಸುತ್ತದ ಪ್ರಕಾರ ತಂದೆ ತಾಯಿಯ ಕರ್ತವ್ಯ ಐದು: ಮಕ್ಕಳನ್ನು ಕೆಟ್ಟದ್ದರಿಂದ ತಡೆಯುವುದು, ಒಳ್ಳೆಯದರಲ್ಲಿ ತೊಡಗಿಸುವುದು, ಕಸುಬು ಕಲಿಸುವುದು, ತಕ್ಕ ಮದುವೆ ಮಾಡುವುದು, ಸಕಾಲದಲ್ಲಿ ಆಸ್ತಿ ಒಪ್ಪಿಸುವುದು. ನಾವು ಮದುವೆಗೂ ಮನೆಗೂ ಸಾಲ ಮಾಡುತ್ತೇವೆ. ಪಟ್ಟಿಯಲ್ಲಿ ಮೊದಲು ಇರುವುದಕ್ಕೆ ದುಡ್ಡು ಬೇಡ. ಅದನ್ನೇ ಮರೆಯುತ್ತೇವೆ.

*ಸಾಲಗಾರ ಎಂದರೆ ಕೆಟ್ಟವನಲ್ಲ*

ಇಷ್ಟು ಓದಿ ಯಾವ ತಾಯಿಯೂ ತನ್ನನ್ನು ತಾನು ಹಳಿದುಕೊಳ್ಳಬಾರದು. ಸಾಲದ ಸಂಕಟ ಬುದ್ಧರಿಗೆ ಚೆನ್ನಾಗಿ ಗೊತ್ತಿತ್ತು. ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಅವರು ಅದನ್ನು ಒಂದೊಂದೇ ಮೆಟ್ಟಿಲಾಗಿ ಹೇಳುತ್ತಾರೆ. ಬಡತನ ದುಃಖ. ಬಡವ ಸಾಲ ಮಾಡುತ್ತಾನೆ, ಅದು ದುಃಖ. ಬಡ್ಡಿ ಒಪ್ಪಿಕೊಳ್ಳುತ್ತಾನೆ, ಕೊಡಲಾಗದಾಗ ಕೇಳಲು ಬರುತ್ತಾರೆ, ಬೆನ್ನು ಹತ್ತುತ್ತಾರೆ, ಕೊನೆಗೆ ಕಟ್ಟಿಹಾಕುತ್ತಾರೆ. ಒಂದೊಂದೂ ದುಃಖವೇ. ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ಹೇಳುವಾಗ ಋಣವಿಲ್ಲದ ಸುಖವನ್ನೂ ಎಣಿಸಿದರು.

2025ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನಲ್ಲೇ ಕಿರುಸಾಲದ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಸೂಲಿ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಅದಕ್ಕೂ ಮೊದಲೇ, 2022ರಲ್ಲಿ, ರಿಸರ್ವ್ ಬ್ಯಾಂಕ್ ಮೈಕ್ರೋ ಫೈನಾನ್ಸ್ ಸಾಲಗಳಿಗೆ ನಿಯಮ ಮಾಡಿದೆ. ಮನೆಯಲ್ಲಿರುವ ಪ್ರತಿಯೊಬ್ಬರೂ ಇವುಗಳನ್ನು ತಿಳಿದಿರಬೇಕು:

▪️ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಿ ಕಾಡುವಂತಿಲ್ಲ.
▪️ ಬೆದರಿಕೆ, ಬೈಗುಳ ಕೂಡದು. ಸಾಲಗಾರರ ಮನೆಯವರಿಗೆ, ನಂಟರಿಗೆ, ಸ್ನೇಹಿತರಿಗೆ ಕಿರುಕುಳ ಕೊಡುವಂತಿಲ್ಲ.
▪️ ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತು ಮಾಡಬೇಕು. ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು.
▪️ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದು.

ಕಿರುಕುಳ ಆದರೆ ಪೊಲೀಸರಿಗೆ ದೂರು ಕೊಡಿ. ನಂಜನಗೂಡು, ತಿ. ನರಸೀಪುರದ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಪರಿಶಿಷ್ಟ ಜಾತಿ, ಪಂಗಡದವರಿಗೂ ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ನನ್ನ ತಾತನಿಗೆ ಇಲ್ಲದಿದ್ದದ್ದು ಇದು. ಇದು ಇರುವಾಗಲೂ ನಾನು ಚಾಪೆಯ ಮೇಲೆ ಕೂತೆ. ಅವ್ವ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲದ್ದು ಅದಕ್ಕೇ.

*ಕನ್ನಡಿಯಲ್ಲಿ ನೋಡಿದಾಗ*

ರಾಹುಲೋವಾದದ ಉಳಿದ ಅರ್ಧ ಕನ್ನಡಿಯದು. ಕನ್ನಡಿ ಇರುವುದು ಯಾತಕ್ಕೆ ಎಂದು ಬುದ್ಧರು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ಕೇಡೇ, ಬೇರೆಯವರಿಗೆ ಕೇಡೇ, ಇಬ್ಬರಿಗೂ ಕೇಡೇ? ಮಾಡಿದ ಮೇಲೆ ತಪ್ಪು ಎಂದು ಕಂಡರೆ ತಿಳಿದವರ ಮುಂದೆ ಹೇಳಿಕೋ, ಮುಂದೆ ಎಚ್ಚರವಾಗಿರು.

ನನ್ನ ಮಂಗಳವಾರವನ್ನು ಆ ಕನ್ನಡಿಯಲ್ಲಿ ನೋಡಿದೆ. ನನಗೆ ಕೇಡು: ಮಗ ನನ್ನ ಮಾತನ್ನು ನಂಬುವುದು ಕಡಿಮೆಯಾಯಿತು. ಅವನಿಗೆ ಕೇಡು: ಸುಳ್ಳಿಗೆ ಬನ್ ಸಿಗುತ್ತದೆ ಎಂದು ಕಲಿತ. ಇನ್ನೊಂದು ನನಗೆ ಹೊಳೆದೇ ಇರಲಿಲ್ಲ, ನನ್ನ ಹೆಂಡತಿ ಹೇಳಿದಳು. ಸಂಘದ ಸಾಲಕ್ಕೆ ಗುಂಪಿನವರು ಒಬ್ಬರಿಗೊಬ್ಬರು ಹೊಣೆ. ಆ ದಿನ ನಮ್ಮ ಬಾಗಿಲಿಂದ ತಿರುಗಿದ ಬೈಕು ನೇರ ಹೋಗಿ ನಿಂತದ್ದು ಅವಳ ಗುಂಪಿನ ಇನ್ನೊಬ್ಬಳ ಬಾಗಿಲಲ್ಲಿ. ಅವಳ ಮನೆಯಲ್ಲೂ ಚಿಕ್ಕ ಮಕ್ಕಳಿವೆ. ನಾವು ನಗುತ್ತಿದ್ದ ಹೊತ್ತಿನಲ್ಲಿ ಅವಳು ನಮ್ಮ ಕಂತಿಗೆ ಬೈಸಿಕೊಳ್ಳುತ್ತಿದ್ದಳು.

ಗಂಡಸರಿಗೆ ಒಂದು ಮಾತು. ಸಾಲ ಹೆಂಗಸರ ಹೆಸರಲ್ಲಿರುತ್ತದೆ, ಖರ್ಚು ಇಬ್ಬರದೂ ಆಗಿರುತ್ತದೆ. ಬಾಗಿಲಿಗೆ ಹೋಗುವಾಗ ಮಾತ್ರ ನಮಗೆ ಹೆಂಡತಿ ಬೇಕು, ಇಲ್ಲವೇ ಮಗು ಬೇಕು. ಇದು ಸರಿಯೇ?

*ಹಾಗಾದರೆ ಮಗುವಿಗೆ ಎಲ್ಲವನ್ನೂ ಹೇಳಬೇಕೇ?*

ಬೇಡ. ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತ ಇದಕ್ಕೆ ದಾರಿ ತೋರಿಸುತ್ತದೆ. ರಾಜಕುಮಾರ ಅಭಯನ ತೊಡೆಯ ಮೇಲೆ ಒಂದು ಎಳೆ ಮಗು ಮಲಗಿತ್ತು. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ನನಗೆ ಕರುಣೆ ಇದೆ ಎಂದ ಅಭಯ. ತಥಾಗತರ ಮಾತೂ ಹಾಗೆಯೇ: ನಿಜವಲ್ಲದ್ದನ್ನು ಹೇಳುವುದಿಲ್ಲ. ನಿಜವಾದರೂ ಹಿತವಲ್ಲದ್ದನ್ನು ಹೇಳುವುದಿಲ್ಲ. ನಿಜವೂ ಹಿತವೂ ಆದದ್ದನ್ನು ಹೊತ್ತು ನೋಡಿ ಹೇಳುತ್ತಾರೆ.

ಅಂದರೆ ಸಾಲ ಎಷ್ಟಿದೆ, ಯಾರು ಏನು ಬೈದರು ಎಂಬುದು ಏಳು ವರ್ಷದ ತಲೆಗೆ ಬೇಡ. "ಅವರಿಗೆ ನಾವು ದುಡ್ಡು ಕೊಡ್ಬೇಕು, ಈ ವಾರ ಇಲ್ಲ, ಅಪ್ಪ ಹೋಗಿ ಮಾತಾಡ್ತಾರೆ" ಎಂಬಷ್ಟು ಸಾಕು. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ.

ದಿನನಿತ್ಯದ ಚಿಕ್ಕ ಸುಳ್ಳುಗಳಿಗೂ ಇದೇ ಅಳತೆ ಹಿಡಿಯಬಹುದು:

▪️ *ಗುಮ್ಮ:* ಇಲ್ಲದ್ದನ್ನು ತೋರಿಸಿ ಹೆದರಿಸಿದರೆ, ಮುಂದೆ ದೆವ್ವ, ಮಾಟ, ಮಂತ್ರಕ್ಕೆ ಹೆದರುವ ಮನಸ್ಸಿಗೆ ನಾವೇ ಬೀಜ ಹಾಕಿದ ಹಾಗೆ. ನಾವು ಬಿಟ್ಟು ಬಂದದ್ದನ್ನು ಮಕ್ಕಳಿಗೆ ಅನ್ನದ ಜೊತೆ ಕಲಸಿ ತಿನ್ನಿಸುವುದು ಬೇಡ. ಹಸಿವಾದಾಗ ತಿನ್ನಲಿ, ತಟ್ಟೆ ಮುಚ್ಚಿಡಿ.
▪️ *ಸೂಜಿ:* "ಇರುವೆ ಕಚ್ಚಿದಂಗೆ ನೋಯ್ತದೆ, ಆಮೇಲೆ ಹೋಯ್ತದೆ, ನಾನು ಕೈ ಹಿಡ್ಕೊಂಡಿರ್ತೀನಿ." ಅಳುತ್ತದೆ, ಆದರೆ ಮುಂದಿನ ಸಲ ನಿಮ್ಮನ್ನು ನಂಬುತ್ತದೆ.
▪️ *ಮೊಬೈಲು:* ಚಾರ್ಜ್ ಇಲ್ಲ ಅನ್ನಬೇಡಿ. "ಇದೆ, ಆದ್ರೆ ಈಗ ಕೊಡಲ್ಲ" ಅನ್ನಿ. ಅದಕ್ಕೆ ಸ್ವಲ್ಪ ಗಟ್ಟಿತನ ಬೇಕು. ಆಮೇಲೆ ನಾವೂ ಕೆಳಗಿಡಬೇಕು.
▪️ *ಈಗ ಬಂದೆ:* ಕಣ್ಣು ತಪ್ಪಿಸಿ ಹೋಗಬೇಡಿ. "ಕತ್ಲಾದ್ಮೇಲೆ ಬತ್ತೀನಿ, ಅಜ್ಜಿ ತಾವ ಇರು" ಎಂದು ಹೇಳಿ ಹೋಗಿ. ಬೆಳಿಗ್ಗೆ ಐದು ನಿಮಿಷ ಅಳು ಕೇಳಬೇಕಾಗುತ್ತದೆ. ಆದರೆ ದಿನವೆಲ್ಲ ಬಾಗಿಲು ನೋಡುತ್ತ ಕೂರುವ ಕಾಟ ಮಗುವಿಗೆ ತಪ್ಪುತ್ತದೆ.

*ಮುಂದಿನ ಮಂಗಳವಾರ*

ಆ ರಾತ್ರಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: "ಅವತ್ತು ಸುಳ್ಳು ಹೇಳಿಸ್ದೋನು ನಾನು. ತಪ್ಪು ನಂದು. ಮೇಷ್ಟ್ರಿಗೆ ಹೇಳಿದ್ದು ನಿಂದು ತಪ್ಪು. ನಾಳೆ ಇಬ್ರೂ ಹೋಗಿ ಹೇಳೋಣ." ಬೆಳಿಗ್ಗೆ ಇಬ್ಬರೂ ಶಾಲೆಗೆ ಹೋದೆವು. ಮೊದಲು ನಾನು ಹೇಳಿದೆ, ಆಮೇಲೆ ಅವನು. ಮೇಷ್ಟ್ರು ಅವನ ತಲೆ ಸವರಿ, ನಾಲ್ಕು ದಿನದ ಬರವಣಿಗೆಯನ್ನು ಬರೆದು ತರಲು ಹೇಳಿದರು.

ಮಂಗಳವಾರ ಬೈಕು ಬಂದಾಗ ನಾನೇ ಬಾಗಿಲು ತೆಗೆದೆ. ಎದೆ ಹೊಡೆದುಕೊಳ್ಳುತ್ತಿತ್ತು. "ಇವತ್ತು ಪೂರ್ತಿ ಇಲ್ಲ. ಐನೂರು ಇದೆ. ಶನಿವಾರ ಕೂಲಿ ಬತ್ತದೆ, ಕಟ್ಟೋ ಜಾಗಕ್ಕೆ ನಾನೇ ತಂದ್ಕೊಡ್ತೀನಿ. ಒಂಬತ್ತಕ್ಕೆ ಮುಂಚೆ ಮನೆ ತಾವ ಬರ್ಬೇಡಿ" ಎಂದೆ. ಅವರು ಜೋರಾಗಿಯೇ ಮಾತಾಡಿದರು. ಎದುರು ಮನೆಯವರು ಹೊರಗೆ ಬಂದು ನೋಡಿದರು. ಮಾನ ಹೋದ ಹಾಗೆ ಆಯಿತು, ನಿಜ. ಕೊನೆಗೆ ಐನೂರು ಬರೆದುಕೊಂಡು ಹೋದರು. ಸಂಜೆ ನನ್ನ ಹೆಂಡತಿ ಆ ಗುಂಪಿನವಳ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದಳು.

ಸಾಲ ತೀರಿಲ್ಲ, ಇನ್ನೂ ಹನ್ನೊಂದು ಕಂತು ಇವೆ. ಆದರೆ ಆ ಬೆಳಿಗ್ಗೆ ನಾನು ಮಾತಾಡುತ್ತಿದ್ದಾಗ ಮಗ ನನ್ನ ಹಿಂದೆ ನಿಂತಿದ್ದ. ಮೊದಲಿನ ಹಾಗೆ ಮುಂದೆ ಅಲ್ಲ, ಹಿಂದೆ. ಅವನು ನಿಲ್ಲಬೇಕಾದ ಜಾಗ ಅದು.

*ಇಂದಿನ ಅಭ್ಯಾಸ*

1. ಇವತ್ತು ಮಲಗುವ ಮೊದಲು ನೆನಪು ಮಾಡಿಕೊಳ್ಳಿ: ಮಗುವಿಗೆ ಹೇಳಿದ ಸುಳ್ಳು ಎಷ್ಟು, ಮಗುವಿನಿಂದ ಹೇಳಿಸಿದ್ದು ಎಷ್ಟು? ಯಾರಿಗೂ ಹೇಳಬೇಕಿಲ್ಲ, ಎಣಿಸಿದರೆ ಸಾಕು.
2. ಒಂದನ್ನು ಆರಿಸಿಕೊಂಡು ಈ ವಾರ ಅದನ್ನು ಬಿಡಿ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೋಗಬೇಡಿ.
3. ಮಕ್ಕಳು ನಿಜ ಹೇಳಿ ತಪ್ಪು ಒಪ್ಪಿಕೊಂಡರೆ ಆ ದಿನ ಹೊಡೆಯಬೇಡಿ, ಬೈಯಬೇಡಿ. ಬನ್ ಕೊಡಿಸುವುದಾದರೆ ಅವತ್ತು ಕೊಡಿಸಿ.
4. ಭಾನುವಾರ ಮಕ್ಕಳನ್ನೂ ಕರೆತನ್ನಿ. ಒಂದು ಚೊಂಬು ನೀರು ಇಟ್ಟುಕೊಂಡು ರಾಹುಲನ ಕಥೆಯನ್ನು ಅವರಿಗೇ ಮಾಡಿ ತೋರಿಸೋಣ.

*ಚರ್ಚೆಗೆ:* ಬಿಟ್ಟಿ ಚಾಕರಿ ತಪ್ಪಿಸಿಕೊಳ್ಳಲು ನಮ್ಮ ಹಿರಿಯರು ಹೇಳಿದ ಸುಳ್ಳಿಗೂ ಇವತ್ತು ನಾವು ಹೇಳುವ ಸುಳ್ಳಿಗೂ ವ್ಯತ್ಯಾಸ ಇದೆಯೇ? ಇದ್ದರೆ ಏನು? ಹಿರಿಯರಿರುವ ಮನೆಯವರು ಅವರನ್ನು ಕೇಳಿ ಬನ್ನಿ.

ಪ್ರಶ್ನೆ ಕೇಳಿದ ಉಪಾಸಿಕೆಗೆ ನನ್ನ ಉತ್ತರ ಇಷ್ಟೇ ಅಕ್ಕ: ಒಂದು ದಿನ ಕಳೆಯಲು ಆಗುತ್ತದೆ. ನನಗೆ ಇಲ್ಲಿಯವರೆಗೆ ಅಂಥ ನಾಲ್ಕೈದು ದಿನಗಳು ಸಿಕ್ಕಿವೆ.

ಎಲ್ಲ ಮನೆಗಳ ಮಕ್ಕಳು ಭಯವಿಲ್ಲದೆ ಬೆಳೆಯಲಿ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏

ಜೈ ಭೀಮ್

_ಚಿಕ್ಕ ಮಕ್ಕಳಿರುವ ಧಮ್ಮ ಬಂಧುಗಳಿಗೆ ಕಳಿಸಿ._